ಮೆಟ್ಟಿಲುಗಳ ನಗರ ವಾಲ್ಪರಾಯಿಸೊ

'ವಾಲ್ಪರಾಯಿಸೊ' ಎಂಬ ಸ್ಪ್ಯಾನಿಷ್ ಹೆಸರನ್ನು ಬಿಡಿಸಿ ನೋಡಿದರೆ 'ಸ್ವರ್ಗದ ಕಣಿವೆ' ಎಂದಾಗುತ್ತದೆ. ಹೆಸರನ್ನು ನಂಬಿ ಬಂದವರಿಗೆ ಅಲ್ಲಿ ಕಣಿವೆಯೂ ಕಾಣುವುದಿಲ್ಲ, ಸ್ವರ್ಗವೂ ಮೊದಲ ನೋಟಕ್ಕೆ ದಕ್ಕುವುದಿಲ್ಲ. ಕಾಣುವುದು ಶಾಂತಸಾಗರದ ಒಂದು ಕೊಲ್ಲಿ. ಕೊಲ್ಲಿಯ ಅಂಚಿಗೆ ಪಂಚೆಯ ಕರೆಯಂತೆ ಸಪೂರವಾದ ಒಂದು ಸಮತಟ್ಟು ಪಟ್ಟಿ. ಅದರ ಬೆನ್ನಿಗೆ ಥಟ್ಟನೆ ಎದ್ದು ನಿಂತ ನಲವತ್ತಕ್ಕೂ ಮಿಕ್ಕಿದ ಗುಡ್ಡಗಳು. 1536ರಲ್ಲಿ ಇಲ್ಲಿಗೆ ಬಂದ ಹುವಾನ್ ದೆ ಸಾವೇದ್ರನೆಂಬ ಸ್ಪ್ಯಾನಿಷ್ ಸಾಹಸಿಗನು ಸ್ಪೇನಿನಲ್ಲಿದ್ದ ತನ್ನ ಹುಟ್ಟೂರಿನ ಹೆಸರನ್ನೇ ಈ ಕರಾವಳಿಗೆ ಇಟ್ಟನೆಂದು ಹೇಳುತ್ತಾರೆ. ಬೆಟ್ಟ ನೋಡಿ ಇಟ್ಟ ಹೆಸರಲ್ಲ ಅದು, ತವರು ನೆನೆದು ಇಟ್ಟದ್ದು.

ತವರನ್ನು ನೆನೆದೇ ಒಂದು ಏಪ್ರಿಲ್ ತಿಂಗಳಿನಲ್ಲಿ ಸಾಂತಿಯಾಗೊ ನಗರದ ವೃದ್ಧ ದಂಪತಿಗಳಿಬ್ಬರು ಈ ಊರಿಗೆ ಬಂದಿಳಿದರು. ಇಬ್ಬರೂ ನಿವೃತ್ತ ಉಪಾಧ್ಯಾಯರು. ಆತ ಗಣಿತ ಕಲಿಸಿದವನು, ಹುಟ್ಟಿ ಬೆಳೆದುದೆಲ್ಲ ರಾಜಧಾನಿಯ ಸಪಾಟು ಬೀದಿಗಳಲ್ಲಿ. ಆಕೆ ಚರಿತ್ರೆ ಕಲಿಸಿದವಳು. ಹುಟ್ಟಿದುದು ವಾಲ್ಪರಾಯಿಸೊವಿನ ಲಾ ಕ್ರೂಸ್ ಗುಡ್ಡದಲ್ಲಿ. ಹತ್ತೊಂಬತ್ತನೆಯ ವಯಸ್ಸಿಗೆ ಓದಲೆಂದು ಊರು ಬಿಟ್ಟವಳು ಮತ್ತೆ ಅಲ್ಲಿ ನೆಲೆಸಿದ್ದಿಲ್ಲ. ಈಗ ಮಕ್ಕಳು ತಮ್ಮ ತಮ್ಮ ಸಂಸಾರದಲ್ಲಿ ನೆಲೆಯೂರಿದ್ದರು. ಸಾಂತಿಯಾಗೊದ ಬಾಡಿಗೆ ಪಿಂಚಣಿಯನ್ನು ನುಂಗುತ್ತಿತ್ತು. ಉಳಿದ ದಿನಗಳನ್ನು ಹುಟ್ಟೂರಿನಲ್ಲಿ ಕಳೆಯೋಣವೆಂಬುದು ಆಕೆಯ ಆಸೆ. ಆತನ ಬಲ ಮೊಣಕಾಲು ಆ ಆಸೆಗೆ ಇನ್ನೂ ಒಪ್ಪಿಗೆ ಕೊಟ್ಟಿರಲಿಲ್ಲ. ನಾಲ್ಕು ದಿನ ಸಾವಕಾಶವಾಗಿ ನೋಡಿ, ನಡೆದು, ಬಳಿಕ ತೀರ್ಮಾನಿಸುವುದೆಂದು ಮಾತಾಗಿತ್ತು.

ಎರಡು ನಗರಗಳ ನಡುವಣ ದಾರಿ ಸುಮಾರು 120 ಕಿಲೋಮೀಟರು. 1863ರಲ್ಲಿ ಇವುಗಳ ನಡುವೆ ರೈಲುಹಾದಿ ಪೂರ್ಣಗೊಂಡಿತ್ತು. ಇಂದು ರಾಜಧಾನಿಯಿಂದ ಪ್ರಯಾಣಿಕರ ರೈಲು ಇಲ್ಲಿಗೆ ಬರುವುದಿಲ್ಲ, ಎಲ್ಲರಿಗೂ ಬಸ್ಸೇ ಗತಿ. ಎರಡು ಸುರಂಗಗಳನ್ನು ದಾಟಿ, ಕಾಸಾಬ್ಲಾಂಕಾ ಕಣಿವೆಯ ದ್ರಾಕ್ಷಿ ತೋಟಗಳ ಮಧ್ಯೆ ಹಾಯ್ದು, ಎರಡು ಗಂಟೆಯೊಳಗಾಗಿ ಬಸ್ಸು ಸಮುದ್ರದ ಗಾಳಿಗೆ ಬರುತ್ತದೆ. ನಿಲ್ದಾಣದ ಎದುರಿಗೇ ಚಿಲಿಯ ರಾಷ್ಟ್ರೀಯ ಸಂಸತ್ತಿನ ಭಾರಿ ಕಾಂಕ್ರೀಟು ಕಟ್ಟಡ. ಸೈನಿಕ ಆಡಳಿತದ ಕಾಲದಲ್ಲಿ ಕಟ್ಟಲಾರಂಭಿಸಿದ ಈ ಭವನದಲ್ಲಿ 1990ರಿಂದ ಸಂಸತ್ತು ಸೇರುತ್ತಿದೆ. ಅದನ್ನು ಚೆಲುವೆನ್ನುವವರು ಊರಿನಲ್ಲಿ ಸಿಕ್ಕುವುದು ಕಷ್ಟ. ಆಕೆ ಅದರತ್ತ ತಿರುಗಿಯೂ ನೋಡದೆ ಹಸುರು ಬಣ್ಣದ ಒಂದು ಟ್ರಾಲಿಬಸ್ಸನ್ನು ಬೆರಳಿಟ್ಟು ತೋರಿಸಿದಳು. ಮೇಲಿನ ತಂತಿಗಳಿಂದ ವಿದ್ಯುತ್ತನ್ನು ಹೀರಿಕೊಂಡು ಓಡುವ ಈ ವಾಹನಗಳು ಇಲ್ಲಿ ಸಂಚಾರ ಆರಂಭಿಸಿದುದು 1952ರ ಕಡೆಯ ದಿನದಂದು. ಅಂದಿನ ಅಮೆರಿಕನ್ ಬಂಡಿಗಳಲ್ಲಿ ಹದಿನೈದನ್ನು ಸರ್ಕಾರ 2003ರಲ್ಲಿ ರಾಷ್ಟ್ರೀಯ ಸ್ಮಾರಕಗಳೆಂದು ಘೋಷಿಸಿತು. ಓಡುತ್ತಲೇ ಸ್ಮಾರಕವಾಗುವ ಭಾಗ್ಯ ಎಷ್ಟು ವಾಹನಗಳಿಗೆ ಉಂಟು?

ಊರಿನವರು ತಮ್ಮ ನಗರವನ್ನು ಎರಡಾಗಿ ಎಣಿಸುತ್ತಾರೆ. ಕೆಳಗಿನ ಸಪಾಟು ಭಾಗ 'ಎಲ್ ಪ್ಲಾನ್'. ಉಳಿದುದೆಲ್ಲ 'ಸೆರ್ರೊ', ಎಂದರೆ ಗುಡ್ಡ. ಕೆಳಗಿನ ಭಾಗದಲ್ಲಿ ಬಹುಪಾಲು ಸಮುದ್ರವನ್ನು ತುಂಬಿಸಿ ಗಳಿಸಿದ ನೆಲ. ಅಂಗಡಿ, ಕಚೇರಿ, ಬ್ಯಾಂಕು, ಸುಂಕದ ಕಟ್ಟೆ ಎಲ್ಲವೂ ಅಲ್ಲಿ; ಜನರು ಮಲಗುವುದು ಗುಡ್ಡಗಳ ಮೇಲೆ. ಬೆಳಗ್ಗೆ ಇಳಿಯುವುದು, ಸಂಜೆ ಏರುವುದು, ಇದೇ ಇಲ್ಲಿನ ದಿನಚರಿ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಬಂದರಿಗಿದ್ದ ಮಹತ್ವವನ್ನು ತಿಳಿಯಬೇಕಾದರೆ ಭೂಪಟವನ್ನು ಎದುರಿಗಿಟ್ಟುಕೊಳ್ಳಬೇಕು. ಯುರೋಪಿನಿಂದಲೂ ಅಮೆರಿಕದ ಪೂರ್ವ ತೀರದಿಂದಲೂ ಶಾಂತಸಾಗರಕ್ಕೆ ಬರುವ ಹಡಗುಗಳು ದಕ್ಷಿಣ ತುದಿಯ ಬಿರುಗಾಳಿಯ ಹಾರ್ನ್ ಭೂಶಿರವನ್ನು ಸುತ್ತಿ ಬರಬೇಕಾಗಿತ್ತು. ಆ ಯಾತನೆಯ ಬಳಿಕ ನೀರು, ಆಹಾರ, ವಿಶ್ರಾಂತಿ ದೊರೆಯುವ ಮೊದಲ ದೊಡ್ಡ ತಾಣ ವಾಲ್ಪರಾಯಿಸೊ. ಚಾರ್ಲ್ಸ್ ಡಾರ್ವಿನ್ ಹತ್ತಿದ್ದ 'ಬೀಗಲ್' ಹಡಗು 1834ರ ಜುಲೈ ತಿಂಗಳಿನಲ್ಲಿ ಇಲ್ಲಿ ಲಂಗರು ಹಾಕಿತು. ಕ್ಯಾಲಿಫೋರ್ನಿಯದಲ್ಲಿ ಚಿನ್ನ ಸಿಕ್ಕಿತೆಂಬ ಸುದ್ದಿ ಹಬ್ಬಿದಾಗ ಅಲ್ಲಿನ ಗಣಿಗಾರರಿಗೆ ಚಿಲಿಯ ಗೋಧಿ ಹೊರಟುದು ಇಲ್ಲಿಂದಲೇ. ಆಂಗ್ಲರು, ಜರ್ಮನರು, ಇಟಲಿಯವರು ಬಂದು ವ್ಯಾಪಾರದ ಕೋಠಿಗಳನ್ನು ತೆರೆದರು. 1827ರಲ್ಲಿ ಹುಟ್ಟಿದ 'ಎಲ್ ಮೆರ್ಕೂರಿಯೊ' ಪತ್ರಿಕೆ ಇಂದಿಗೂ ಈ ಊರಿನಿಂದ ಹೊರಡುತ್ತಿದೆ. ನಿಕರಾಗುವದ ಕವಿ ರೂಬೆನ್ ದಾರಿಯೊ ಇಲ್ಲಿನ ಸುಂಕದ ಕಟ್ಟೆಯಲ್ಲಿ ಗುಮಾಸ್ತೆಯಾಗಿದ್ದು, ಸ್ಪ್ಯಾನಿಷ್ ಕಾವ್ಯಕ್ಕೆ ಹೊಸ ತಿರುವು ಕೊಟ್ಟ 'ಅಸುಲ್' ಎಂಬ ಪುಸ್ತಕವನ್ನು 1888ರಲ್ಲಿ ಇಲ್ಲಿಯೇ ಪ್ರಕಟಿಸಿದ.

ಬಳಿಕ ಎರಡು ಪೆಟ್ಟುಗಳು ಬಿದ್ದವು. 1906ರ ಆಗಸ್ಟ್ 16ರ ಸಂಜೆಯ ಭೂಕಂಪದಲ್ಲಿ ಸುಮಾರು ಮೂರು ಸಾವಿರ ಜನ ಸತ್ತರು. ಕೆಳಗಿನ ಪಟ್ಟಣದ ದೊಡ್ಡ ಭಾಗ ನೆಲಸಮವಾಯಿತು. ಅದನ್ನಾದರೂ ಮತ್ತೆ ಕಟ್ಟಿದರು. ಆದರೆ 1914ರಲ್ಲಿ ಪನಾಮಾ ಕಾಲುವೆ ತೆರೆದಾಗ ಹಡಗುಗಳಿಗೆ ಹಾರ್ನ್ ಭೂಶಿರವೇ ಬೇಡವಾಯಿತು. ಕಾಲುವೆ ತೆರೆದುದು ಸಾವಿರಾರು ಮೈಲಿ ದೂರದಲ್ಲಿ. ಅಂಗಡಿ ಮುಚ್ಚಿದುದು ಇಲ್ಲಿ. ವಿಧಿಯ ಇಂಥ ಹಾಸ್ಯಕ್ಕೆ ನಗುವುದು ಆ ಊರಿನವರಿಗೆ ಇಂದಿಗೂ ಸುಲಭವಲ್ಲ.

ಮೊದಲ ದಿನ ದಂಪತಿಗಳು ಪ್ರಾತ್ ಬೀದಿಯಿಂದ ಕನ್ಸೆಪ್ಸಿಯೊನ್ ಗುಡ್ಡವನ್ನು ಏರಿದರು. ಏರಿದರು ಎನ್ನುವುದಕ್ಕಿಂತ ಏರಿಸಲ್ಪಟ್ಟರು ಎನ್ನುವುದು ಸರಿ. ಇಲ್ಲಿನ 'ಅಸೆನ್ಸೊರ್'ಗಳ ಖ್ಯಾತಿ ಜಗತ್ತಿನಲ್ಲೆಲ್ಲ ಹಬ್ಬಿದೆ. ಗುಡ್ಡದ ಮೈಗೆ ಓರೆಯಾಗಿ ಹಾಸಿದ ಎರಡು ಜೊತೆ ಹಳಿಗಳು. ಒಂದೊಂದರ ಮೇಲೂ ಮರದ ಒಂದೊಂದು ಪುಟ್ಟ ಕೋಣೆ. ಎರಡನ್ನೂ ಕಟ್ಟಿದ ಉಕ್ಕಿನ ಹಗ್ಗ ಮೇಲಿನ ಯಂತ್ರಶಾಲೆಯ ಗಾಲಿಯನ್ನು ಬಳಸಿ ಬರುತ್ತದೆ. ಒಂದು ಕೋಣೆ ಇಳಿದಂತೆ ಅದರ ಭಾರಕ್ಕೆ ಇನ್ನೊಂದು ಏರುತ್ತದೆ. ಯಂತ್ರ ಹೊರಬೇಕಾದುದು ಎರಡರ ಭಾರದ ವ್ಯತ್ಯಾಸವನ್ನು ಮಾತ್ರ. ನಡುದಾರಿಯಲ್ಲಿ ಎರಡೂ ಕೋಣೆಗಳು ಎದುರುಬದುರಾಗುವ ಕ್ಷಣದಲ್ಲಿ ಇಳಿಯುವವರೂ ಏರುವವರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುತ್ತಾರೆ. ಬಾವಿಯ ಎರಡು ಕೊಡಗಳ ರಾಟೆಯನ್ನು ಕಂಡವರಿಗೆ ಈ ಉಪಾಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಣಿತದ ಉಪಾಧ್ಯಾಯನಿಗೆ ಇದು ಬಹಳ ಹಿಡಿಸಿತು. ಮೇಲೇರಿದ ಮೇಲೂ ಆತ ಬೇಲಿಗೆ ಒರಗಿಕೊಂಡು ಆ ಕೋಣೆಗಳ ಓಡಾಟವನ್ನೇ ಅರ್ಧ ಗಂಟೆ ನೋಡಿದ.

ಕನ್ಸೆಪ್ಸಿಯೊನಿನ ಈ ಏರುಬಂಡಿ ಎಲ್ಲಕ್ಕೂ ಹಿರಿಯದು. 1883ರ ಡಿಸೆಂಬರ್ 1ರಂದು ಓಡಲಾರಂಭಿಸಿತು. ಒಂದು ಕಾಲಕ್ಕೆ ಇಂಥವು ಮೂವತ್ತರಷ್ಟು ಇದ್ದವು. ಬೆಂಕಿ, ಭೂಕಂಪ, ಮಣ್ಣಿನ ಕುಸಿತ, ಎಲ್ಲಕ್ಕಿಂತ ಹೆಚ್ಚಾಗಿ ಮಾಲಿಕರ ನಷ್ಟ, ಇವುಗಳಿಂದ ಒಂದೊಂದಾಗಿ ನಿಂತವು. ಉಳಿದ ಹದಿನಾರು ಸ್ಮಾರಕಗಳಾಗಿವೆ. ಅವುಗಳಲ್ಲಿ ಹತ್ತನ್ನು 2012ರಲ್ಲಿ ಸರ್ಕಾರವೇ ಕೊಂಡಿತು. ಕೊಂಡಮಾತ್ರಕ್ಕೆ ಎಲ್ಲವೂ ಓಡುತ್ತಿವೆಯೆಂದು ತಿಳಿಯಬಾರದು. ದುರಸ್ತಿಯ ಹಲಗೆ ಹೊತ್ತು ವರ್ಷಗಟ್ಟಲೆ ಮುಚ್ಚಿ ಕುಳಿತವುಗಳೂ ಉಂಟು. ಪ್ರವಾಸಿಗೆ ಅದು ಒಂದು ಚಿತ್ರ ತಪ್ಪಿದ ಬೇಸರ. ಗುಡ್ಡದ ಮೇಲಿನ ಮುದುಕಿಗೆ ಔಷಧದಂಗಡಿಗೂ ಮನೆಗೂ ನಡುವೆ ಇನ್ನೂರು ಮೆಟ್ಟಿಲು. ಈ ಎರಡು ನಷ್ಟಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಇವುಗಳಲ್ಲೆಲ್ಲ ವಿಚಿತ್ರವಾದುದು ಪೊಲಾಂಕೊ ಗುಡ್ಡದ್ದು. ಅದು ಓರೆಯಾಗಿ ಏರುವುದಿಲ್ಲ. ಮೊದಲು ಗುಡ್ಡದ ಹೊಟ್ಟೆಯೊಳಗೆ ಸುಮಾರು 150 ಮೀಟರು ಸುರಂಗದಲ್ಲಿ ನಡೆಯಬೇಕು. ಗೋಡೆ ಜಿನುಗುತ್ತಿರುತ್ತದೆ, ದೀಪಗಳು ಮಂಕು. ಕೊನೆಯಲ್ಲಿ ನೆಟ್ಟಗೆ ಮೇಲೇರುವ ಒಂದು ಪೆಟ್ಟಿಗೆ ಕಾದಿರುತ್ತದೆ. ಬಂಡೆಯನ್ನು ಸೀಳಿಕೊಂಡು ಸುಮಾರು 60 ಮೀಟರು ಏರಿದ ಬಳಿಕ ಬಾಗಿಲು ತೆರೆದರೆ, ಹಳದಿ ಗೋಪುರವೊಂದರ ನೆತ್ತಿ. ಅಲ್ಲಿಂದ ಗುಡ್ಡಕ್ಕೆ ಒಂದು ಕಾಲುಸೇತುವೆ. ಬಾಲ್ಯದಲ್ಲಿ ಆಕೆಯ ಚಿಕ್ಕಮ್ಮನ ಮನೆ ಅಲ್ಲಿತ್ತಂತೆ. ಸುರಂಗದಲ್ಲಿ ಕೂಗಿದರೆ ಮರುಕೂಗು ಬರುವುದೆಂದು ಮಕ್ಕಳೆಲ್ಲ ತಮ್ಮ ತಮ್ಮ ಹೆಸರನ್ನು ಕೂಗುತ್ತಿದ್ದರಂತೆ.

ಕನ್ಸೆಪ್ಸಿಯೊನ್, ಅಲೆಗ್ರೆ ಎಂಬ ಅಕ್ಕಪಕ್ಕದ ಗುಡ್ಡಗಳು ಆಂಗ್ಲ ಹಾಗೂ ಜರ್ಮನ್ ವರ್ತಕರು ನೆಲೆಸಿದ್ದ ಸ್ಥಳಗಳು. ಕ್ಯಾಥೊಲಿಕ್ ಮತವೊಂದೇ ರಾಜ್ಯದ ಮತವಾಗಿದ್ದ ಕಾಲದಲ್ಲಿ, 1858ರಲ್ಲಿ, ಆಂಗ್ಲರು ಕಟ್ಟಿಕೊಂಡ ಸಂತ ಪೌಲನ ಇಗರ್ಜಿಗೆ ಗೋಪುರವಿಲ್ಲ. ಹೊರಗಿನಿಂದ ದೊಡ್ಡ ಉಗ್ರಾಣದಂತಿದೆ. ಸತ್ತ ಮೇಲೂ ಅವರಿಗೆ ಬೇರೆ ಜಾಗವೇ ಆಗಬೇಕಾಗಿತ್ತು. ಪಾಂತಿಯೊನ್ ಗುಡ್ಡದ ಮೇಲೆ 'ಭಿನ್ನಮತೀಯರ ಸ್ಮಶಾನ' ಈಗಲೂ ಇದೆ. ಈ ಗುಡ್ಡಗಳ ಮನೆಗಳಿಗೆ ಅಲೆಯಲೆಯಾದ ಸತುವಿನ ತಗಡಿನ ಹೊದಿಕೆ. ಉಪ್ಪುಗಾಳಿಯಿಂದ ತಗಡನ್ನು ಕಾಪಾಡಲು ಬಣ್ಣ. ಹಡಗುಗಳಿಗೆ ಬಳಿದು ಮಿಕ್ಕ ಬಣ್ಣವನ್ನೇ ತಂದು ಬಳಿಯುತ್ತಿದ್ದರೆಂದೂ ಆದುದರಿಂದಲೇ ಒಂದು ಮನೆಗೆ ಇನ್ನೊಂದರ ಬಣ್ಣವಿಲ್ಲವೆಂದೂ ಊರಿನವರು ಹೇಳುವರು. ಅರಿಸಿನ, ನೇರಳೆ, ಗಿಳಿಹಸುರು, ಕುಂಕುಮ, ಒಂದರ ಹೆಗಲ ಮೇಲೊಂದು ಕುಳಿತು ಸಮುದ್ರವನ್ನು ಇಣುಕುತ್ತಿವೆ.

2003ರಲ್ಲಿ ಯುನೆಸ್ಕೊ ಸಂಸ್ಥೆ ಈ ಬಂದರಿನ ಪ್ರಾಚೀನ ಭಾಗವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅಂದಿನಿಂದ ಹಳೆಯ ಮನೆಗಳು ವಸತಿಗೃಹಗಳಾಗಿವೆ, ಚಹದ ಅಂಗಡಿಗಳಾಗಿವೆ; ಗೋಡೆಗಳ ತುಂಬ ಚಿತ್ರಕಾರರು ಬರೆದ ಭಾರಿ ಚಿತ್ರಗಳು. ಬಾಡಿಗೆ ಏರಿದೆ. ದಂಪತಿಗಳು ಒಂದು ಮನೆಯ ಎರಡು ಕೋಣೆಗಳ ಬಾಡಿಗೆಯನ್ನು ವಿಚಾರಿಸಿ ಮಾತಿಲ್ಲದೆ ಹೊರಬಂದರು.

"ಗಮನಿಸಿದೆಯಾ ಮುದುಕಿ, ಈ ಬೀದಿಯಲ್ಲಿ ಎಲ್ಲಿಯೂ ಒಗೆದ ಬಟ್ಟೆ ಒಣಹಾಕಿಲ್ಲ" ಎಂದ ಆತ. ಆ ನಾಡಿನಲ್ಲಿ ವಯಸ್ಸಾದ ದಂಪತಿಗಳು ಒಬ್ಬರನ್ನೊಬ್ಬರು 'ಮುದುಕ', 'ಮುದುಕಿ' ಎಂದು ಕರೆಯುವುದು ಅಕ್ಕರೆಯ ಮಾತು.

"ಬಟ್ಟೆ ಒಗೆಯುವವರೆಲ್ಲ ಮೇಲಕ್ಕೆ ಹೋಗಿದ್ದಾರೆ" ಎಂದಳು ಆಕೆ.

ಮೇಲಕ್ಕೆ ಎಂದರೆ ಅಲೆಮಾನಿಯಾ ರಸ್ತೆಯ ಆಚೆಗೆ. ಸಮುದ್ರದ ಮಟ್ಟದಿಂದ ಸುಮಾರು ನೂರು ಮೀಟರು ಎತ್ತರದಲ್ಲಿ ಗುಡ್ಡದಿಂದ ಗುಡ್ಡಕ್ಕೆ, ಕಮರಿಯ ಮೂಲೆಗಳಲ್ಲಿ ಒಳನುಗ್ಗಿ, ಮೂಗುಗಳಲ್ಲಿ ಹೊರಚಾಚಿ, ಒಂದು ಒಡ್ಯಾಣದಂತೆ ಈ ರಸ್ತೆ ಸುತ್ತುತ್ತದೆ. 'ಓ' ಎಂಬ ಅಕ್ಷರದಿಂದ ಊರಿಗೆಲ್ಲ ಪರಿಚಿತವಾದ ಬಸ್ಸು ಇದರ ಮೇಲೆ ಓಡುತ್ತದೆ. ಒಂದು ತಿರುವಿನಲ್ಲಿ ಕಿಟಕಿಯ ತುಂಬ ಸಮುದ್ರ, ಮರುತಿರುವಿನಲ್ಲಿ ಯಾರದೋ ಅಡಿಗೆಮನೆ. ಎರಡನೆಯ ದಿನ ಇದೇ ಬಸ್ಸಿನಲ್ಲಿ ಅವರು ಪಾಬ್ಲೊ ನೆರೂಡನ ಮನೆಗೆ ಹೋದರು. ಸೆಬಾಸ್ತಿಯಾನ್ ಕೊಯಾದೊ ಎಂಬುವನು ಕಟ್ಟಿಸಲು ಹೊರಟು ಮುಗಿಸದೆ ಸತ್ತುಹೋದ ಈ ಮನೆಯನ್ನು ಕವಿಯು 1959ರಲ್ಲಿ ಸ್ನೇಹಿತ ದಂಪತಿಗಳೊಡನೆ ಪಾಲಿನಲ್ಲಿ ಕೊಂಡು, ಕಟ್ಟಿಸಿದವನ ಹೆಸರಿನಿಂದಲೇ 'ಲಾ ಸೆಬಾಸ್ತಿಯಾನ' ಎಂದು ಕರೆದ. 1961ರಲ್ಲಿ ಗೃಹಪ್ರವೇಶ. ಕೆಳಗಿನ ಅಂತಸ್ತುಗಳು ಸ್ನೇಹಿತರಿಗೆ, ಮೇಲಿನವು ಕವಿಗೆ. ಕವಿಗೆ ದೊರೆತುದು ಕೋಣೆಗಳಿಗಿಂತ ಹೆಚ್ಚಾಗಿ ಮೆಟ್ಟಿಲುಗಳೂ ಕಿಟಕಿಗಳೂ ಎನ್ನಬೇಕು. 1973ರ ಸೆಪ್ಟೆಂಬರ್ 11ರ ಸೈನಿಕ ಕ್ರಾಂತಿ ಈ ಬಂದರಿನಲ್ಲಿಯೇ, ನೌಕಾಪಡೆಯ ಚಲನೆಯಿಂದ ಮೊದಲಾಯಿತು, ಹನ್ನೆರಡು ದಿನಗಳ ಬಳಿಕ ಕವಿ ತೀರಿಕೊಂಡ, ಮನೆ ಲೂಟಿಯಾಯಿತು. 1990ರ ಬಳಿಕ ಜೀರ್ಣೋದ್ಧಾರಗೊಂಡು ಈಗ ವಸ್ತುಸಂಗ್ರಹಾಲಯವಾಗಿದೆ. ಆಕೆ ಮೇಲಿನ ಅಂತಸ್ತಿನವರೆಗೂ ಹತ್ತಿ ನೋಡಿದಳು. ಆತ ಎರಡನೆಯ ತಿರುವಿನಲ್ಲಿ ನಿಂತು, ಕಾಲು ನೀವಿಕೊಂಡು, ಹಿಂದಿರುಗಿ ಅಂಗಳದ ಬೆಂಚಿನಲ್ಲಿ ಕುಳಿತ. ಬೀದಿನಾಯಿಯೊಂದು ಬಂದು ಪಕ್ಕದಲ್ಲಿ ಮಲಗಿತು. ಈ ಊರಿನಲ್ಲಿ ನಾಯಿಗಳಿಗೆ ಕೊರತೆಯಿಲ್ಲ.

ಲಾ ಕ್ರೂಸ್ ಗುಡ್ಡವನ್ನು ಆಕೆ ಮೂರನೆಯ ದಿನಕ್ಕೆ ಉಳಿಸಿಕೊಂಡಿದ್ದಳು. ಕಾರಣ ಆತನಿಗೆ ಗೊತ್ತಿತ್ತು. 2014ರ ಏಪ್ರಿಲ್ 12ರ ಸಂಜೆ ಊರಿನ ಹಿಂಬದಿಯ ಕಾಡಿನಲ್ಲಿ ಹುಟ್ಟಿದ ಬೆಂಕಿ ಗಾಳಿಯ ಬೆನ್ನೇರಿ ಗುಡ್ಡಗಳಿಗೆ ಇಳಿಯಿತು. ನೀಲಗಿರಿ ಮರಗಳ ತೊಗಟೆ, ಎಲೆ, ಎಣ್ಣೆ ಮೊದಲೇ ಉರಿಯುವ ಸರಕು. ಕಮರಿಗಳಲ್ಲಿ ವರ್ಷಗಳಿಂದ ಸುರಿದಿದ್ದ ಕಸ ಅದಕ್ಕೆ ದಾರಿಯಾಯಿತು. ಕಮರಿಯೆಂದರೆ ಬೆಂಕಿಗೆ ಒಲೆಯ ಕೊಳವೆ ಇದ್ದಂತೆ. ಕೆಳಗೆ ಹೊತ್ತಿದ್ದು ಮೇಲಿನ ಅಂಚಿನ ಮನೆಯನ್ನು ನಿಮಿಷಗಳಲ್ಲಿ ಮುಟ್ಟುತ್ತದೆ. ಮೆಟ್ಟಿಲುದಾರಿಗಳಲ್ಲಿ ಬೆಂಕಿಯಾರಿಸುವ ಬಂಡಿ ಏರಲಾರದು. ನೀರಿನ ಒತ್ತಡವೂ ಎತ್ತರಕ್ಕೆ ಸಾಲದು. ಹದಿನೈದು ಜನ ಸತ್ತರು. ಸುಮಾರು 2,900 ಮನೆಗಳು ಸುಟ್ಟವು. ಹನ್ನೆರಡು ಸಾವಿರಕ್ಕೂ ಮಿಕ್ಕು ಜನ ನಿರಾಶ್ರಿತರಾದರು. ಸುಟ್ಟವುಗಳಲ್ಲಿ ಆಕೆಯ ಅಣ್ಣನು ವಾಸವಾಗಿದ್ದ ತಂದೆಯ ಮನೆಯೂ ಒಂದು. ಅಣ್ಣ ಜೀವ ಉಳಿಸಿಕೊಂಡು ದಕ್ಷಿಣದ ಊರಿಗೆ, ಮಗಳ ಮನೆಗೆ ಹೊರಟುಹೋಗಿದ್ದ.

ಇಲ್ಲಿ ಒಂದು ಮಾತನ್ನು ಹೇಳದಿರಲಾಗದು. ಚಿಲಿಯಲ್ಲಿ ಬೆಂಕಿಯಾರಿಸುವ ಪಡೆಯವರಿಗೆ ಸಂಬಳವಿಲ್ಲ; ಎಲ್ಲರೂ ಸ್ವಯಂಸೇವಕರು. ದೇಶದಲ್ಲಿ ಅಂಥ ಪಡೆ ಮೊಟ್ಟಮೊದಲು ಹುಟ್ಟಿದುದು ವಾಲ್ಪರಾಯಿಸೊದಲ್ಲಿ. 1850ರ ಡಿಸೆಂಬರಿನ ಒಂದು ದೊಡ್ಡ ಬೆಂಕಿಯ ಬಳಿಕ, 1851ರ ಜೂನ್ 30ರಂದು. ಜರ್ಮನರು, ಫ್ರೆಂಚರು, ಇಟಲಿಯವರು, ಆಂಗ್ಲರು ತಮ್ಮ ತಮ್ಮ ಜನಾಂಗದ ತುಕಡಿಗಳನ್ನು ಕಟ್ಟಿಕೊಂಡರು. ಆ ಹೆಸರುಗಳು ಇಂದಿಗೂ ನಡೆದು ಬಂದಿವೆ. ಗುಮಾಸ್ತೆ, ವಕೀಲ, ವಿದ್ಯಾರ್ಥಿ ಕರೆಗಂಟೆ ಕೇಳಿದೊಡನೆ ಕೆಲಸ ಬಿಟ್ಟು ಓಡಬೇಕು. ಇಂಥ ಔದಾರ್ಯವನ್ನು ಹೊಗಳುವುದು ಸುಲಭ. ಕಸ ತುಂಬಿದ ಕಮರಿಯನ್ನು ಮೊದಲೇ ತೆಗೆಸಿ ಆ ಔದಾರ್ಯದ ಅಗತ್ಯವನ್ನು ಕಡಿಮೆ ಮಾಡುವುದು ಆಡಳಿತಕ್ಕೆ ಕಷ್ಟವಾಗಿ ತೋರುತ್ತದೆ. 2019ರ ಕ್ರಿಸ್ಮಸ್ಸಿನ ಹಿಂದಿನ ದಿನ ಬೇರೆ ಗುಡ್ಡಗಳಲ್ಲಿ ಮತ್ತೆ ಮನೆಗಳು ಸುಟ್ಟವು.

ನಿಗದಿಯಾದ ದಾರಿಯಲ್ಲಿ ನಾಲ್ವರನ್ನು ತುಂಬಿಕೊಂಡು ಹೋಗುವ ಬಾಡಿಗೆ ಕಾರು ಅವರನ್ನು ಮೇಲಿನ ತಿರುವಿನಲ್ಲಿ ಇಳಿಸಿತು. ಅಲ್ಲಿಂದ ಕೆಳಕ್ಕೆ ಮೆಟ್ಟಿಲುಗಳು. ಆತ ಒಂದೊಂದನ್ನೂ ಎಣಿಸುತ್ತ ಇಳಿದ. ಎಂಬತ್ತೇಳನೆಯದರಲ್ಲಿ ಆಕೆ ನಿಂತಳು. ಮನೆಯಿರಲಿಲ್ಲ, ಆ ಜಾಗದಲ್ಲಿ ಹಲಗೆಯ ಹೊಸ ಮನೆಯೊಂದು, ನೀಲಿ ಬಣ್ಣದ್ದು, ಎದ್ದಿತ್ತು. ಆದರೆ ಬೀದಿಯಿಂದ ಬಾಗಿಲಿಗೆ ಹೋಗುವ ಕಲ್ಲಿನ ಐದು ಮೆಟ್ಟಿಲುಗಳು ಹಳೆಯವೇ. ಮೂರನೆಯದರ ಅಂಚು ಮುರಿದಿತ್ತು. ಅದನ್ನು ಮುರಿದವನು ತನ್ನ ತಂದೆ, ಒಲೆಯೊಂದನ್ನು ಇಳಿಸುವಾಗ ಕೈಜಾರಿ, ಎಂದು ಆಕೆ ಹೇಳಿದಳು.

ನೀಲಿ ಮನೆಯ ಗೃಹಿಣಿ ರೊಟ್ಟಿಯ ಚೀಲ ಹಿಡಿದು ಮೆಟ್ಟಿಲೇರಿ ಬರುತ್ತಿದ್ದಳು. ಸಾಂತಿಯಾಗೊದಲ್ಲಿ 'ಮರ್ರಾಕೇತ' ಎನ್ನುವ ಗರಿಗರಿಯಾದ ಈ ರೊಟ್ಟಿಗೆ ಇಲ್ಲಿನವರು 'ಪಾನ್ ಬತೀದೊ' ಎನ್ನುತ್ತಾರೆ. ಆಕೆ ಕೇಳಿದುದು ಬೇರೇನೂ ಅಲ್ಲ: "ಪಾನ್ ಬತೀದೊ ಈಗಲೂ ಆ ಮೂಲೆಯ ಅಂಗಡಿಯದೇ?" ಆ ಒಂದು ಪದದಿಂದಲೇ ಗೃಹಿಣಿಗೆ ಇವಳು ಈ ಗುಡ್ಡದವಳೆಂದು ತಿಳಿಯಿತು. ಒಳಕ್ಕೆ ಕರೆದು ಕುಳ್ಳಿರಿಸಿದಳು. ಚಿಲಿಯವರು ಸಂಜೆಯ ಚಹವನ್ನು 'ಓನ್ಸೆ' ಎಂದು ಕರೆದು ಊಟದ ಬದಲಿಗೇ ಮಾಡುವವರು. ಚಹ, ಬಿಸಿ ರೊಟ್ಟಿ, ಅದರ ಮೇಲೆ ಉಪ್ಪು ಬೆರೆಸಿ ಹಿಸುಕಿದ ಬೆಣ್ಣೆಹಣ್ಣು. ಆ ಗೃಹಿಣಿಯ ಮನೆಯೂ ಅದೇ ರಾತ್ರಿ, ಇನ್ನೂ ಮೇಲಿನ ಸಾಲಿನಲ್ಲಿ ಸುಟ್ಟಿತ್ತು. ಕೆಳಗೆ ಕೊಡುವ ಮನೆ ಬೇಡವೆಂದು ಮತ್ತೆ ಗುಡ್ಡದಲ್ಲಿಯೇ ಕಟ್ಟಿಕೊಂಡಿದ್ದಳು.

"ಭಯವಿಲ್ಲವೇ?" ಎಂದು ಆತ ಕೇಳಿದ.

"ಬೇಸಿಗೆಯಲ್ಲಿ ಇದೆ. ಗಾಳಿ ಬೀಸಿದ ರಾತ್ರಿ ಚಪ್ಪಲಿಯನ್ನು ಹಾಸಿಗೆಯ ಪಕ್ಕದಲ್ಲಿಟ್ಟು ಮಲಗುತ್ತೇವೆ" ಎಂದಳು ಗೃಹಿಣಿ, ಇನ್ನೊಂದು ಬಟ್ಟಲು ಚಹ ಬಗ್ಗಿಸುತ್ತ. ಕಿಟಕಿಯಲ್ಲಿ ಕೊಲ್ಲಿ, 1912ರಿಂದ 1930ರವರೆಗೆ ಕಟ್ಟಿದ ಅಲೆತಡೆಯ ಗೋಡೆ, ಅದರೊಳಗೆ ದೀಪ ಹಚ್ಚಿಕೊಳ್ಳುತ್ತಿದ್ದ ಹಡಗುಗಳು. ಒಂದು ಗುಡ್ಡದ ದೀಪಗಳು ಇನ್ನೊಂದು ಗುಡ್ಡದವರಿಗೆ ಕಾಣುವುದು ಈ ಊರಿನ ವಿಶೇಷ. ಇಲ್ಲಿ ಬಡವನ ಕಿಟಕಿಗೂ ಸಮುದ್ರವನ್ನು ಯಾರೂ ಮರೆಮಾಡಲಾರರು.

ಹಿಂದಿರುಗುವಾಗ ಎಂಬತ್ತೇಳು ಮೆಟ್ಟಿಲನ್ನು ಆತ ಮೂರು ಕಡೆ ನಿಂತು ಹತ್ತಿದ. ಆಕೆ ಏನನ್ನೂ ಕೇಳಲಿಲ್ಲ. ರಸ್ತೆಗೆ ಬಂದ ಮೇಲೆ ಆತನೇ ಹೇಳಿದ: "ಇಲ್ಲಿ ಆಗದು. ನಿನ್ನ ತಂದೆಯ ಮನೆ ನಿಂತಿದ್ದರೂ ಆಗುತ್ತಿರಲಿಲ್ಲ." ತುಸು ಹೊತ್ತು ಸುಮ್ಮನಿದ್ದು ಆಕೆ "ಗೊತ್ತು" ಎಂದಳು.

ನಾಲ್ಕನೆಯ ದಿನ ಅವರು ಸ್ಥಳ ನೋಡುವ ಗೊಡವೆಗೆ ಹೋಗದೆ 'ಓ' ಬಸ್ಸಿನ ದಾರಿಯಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಎರಡು ಬಾರಿ ಓಡಾಡಿದರು. ಬಾಡಿಗೆಗೆ ಎಂಬ ಹಲಗೆ ಕಂಡಲ್ಲಿ ಇಳಿದು, ರಸ್ತೆಯಿಂದ ಬಾಗಿಲಿಗೆ ಎಷ್ಟು ಮೆಟ್ಟಿಲು, ಹಿಂಬದಿಯ ಕಮರಿ ಎಷ್ಟು ದೂರ, ನೀಲಗಿರಿ ಮರಗಳಿವೆಯೇ, ನೀರಿನ ಕೊಳಾಯಿ ಎಲ್ಲಿ ಎಂದು ಆತ ಪುಸ್ತಕದಲ್ಲಿ ಗೀಟು ಹಾಕಿಕೊಂಡು ಬರೆದ. ಹದಿನೆಂಟು ಮೆಟ್ಟಿಲಿನದು ಒಂದು, ಒಂಬತ್ತರದು ಒಂದು, ಇಪ್ಪತ್ತಾರರದು ಒಂದು. ಒಂಬತ್ತರದಕ್ಕೆ ಸಮುದ್ರ ಕಾಣುತ್ತಿರಲಿಲ್ಲ; ಆಕೆ ತಲೆಯಾಡಿಸಿದಳು. ಹದಿನೆಂಟರದರ ಮನೆಯೊಡತಿ ಮರುವಾರ ಬನ್ನಿ, ಈಗ ಇರುವವರು ತಿಂಗಳ ಕೊನೆಗೆ ಬಿಡುತ್ತಾರೆ ಎಂದಳು. ಬಳಿಕ ಅವರು ಕೆಳಗಿಳಿದು, ಪೋರ್ತಾಲೆಸ್ ಮೀನುಗಾರರ ಕಟ್ಟೆಯ ಬಳಿ ಕುಳಿತು, ಹುರಿದ ಮೀನು ತಿಂದರು. ಕಡಲಸಿಂಹಗಳು ಮೀನಿನ ತಲೆಗಳಿಗಾಗಿ ಕಚ್ಚಾಡುತ್ತಿದ್ದವು. ಸಂಜೆಯ ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಆತ ಪುಸ್ತಕವನ್ನು ತೆರೆದು ಹದಿನೆಂಟರ ಪಕ್ಕದಲ್ಲಿ, ಕೈಪಿಡಿಯ ಕಂಬಿ ಎರಡೂ ಕಡೆ ಇರಬೇಕು, ಎಂದು ಬರೆದುಕೊಳ್ಳುತ್ತಿದ್ದ.